ಹೊಸಬರಿಗೆ ಗದರಬೇಡಿ, ಫೋನ್ ಮಾಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲಿದ್ದವು. ರೋಗ, ಗೊಬ್ಬರ, ದರ ಯಾವುದೂ ಅಲ್ಲ. ಅವನ್ನೆಲ್ಲ ಮಾತಾಡಿಕೊಳ್ಳುವ ವಾಟ್ಸಾಪ್ ಗುಂಪಿನ ಬಗ್ಗೆ. ಮಳೆ ಹಿಡಿಯುವ ಹೊತ್ತಿಗೆ ಬೆಳೆಗಾರರ ಗುಂಪುಗಳಿಗೆ ಹೊಸಬರು ಸೇರುವುದು ಜಾಸ್ತಿ. ಜಗಳವೂ ಆಗಲೇ ಜಾಸ್ತಿ.

ಪುತ್ತೂರು ಕಡೆಯ ಅಡಿಕೆ, ಕಾಳುಮೆಣಸು ಬೆಳೆಗಾರರ ಒಂದು ಗುಂಪನ್ನು ನಾನು 2016ರಿಂದ ನೋಡಿಕೊಳ್ಳುತ್ತಿದ್ದೇನೆ. ಆಗ ಒಂದು ಗುಂಪಿಗೆ 256 ಜನರನ್ನಷ್ಟೇ ಸೇರಿಸಬಹುದಿತ್ತು. ಈಗ 1024ರ ತನಕ ಆಗುತ್ತದೆ. ನಮ್ಮಲ್ಲಿ 780 ಜನ ಇದ್ದೇವೆ. ಈ ವಿಷಯ ನನಗೆ ತುಂಬ ಹತ್ತಿರದ್ದು. ಹಾಗಾಗಿ ಈ ಸಲ ಗೊಬ್ಬರದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಊರ ಕಡೆಯ ಬೆಳೆಗಾರರ ಗುಂಪಿಗೆ ನಾನು ಅಡ್ಮಿನ್. 22 ನಿಯಮ ಬರೆದು ಗುಂಪಿನ ವಿವರಣೆಯಲ್ಲಿ ಹಾಕಿದ್ದೇನೆ. ವಾರಕ್ಕೊಮ್ಮೆ ಅದನ್ನೇ ಮತ್ತೆ ಗುಂಪಿಗೂ ಹಾಕುತ್ತೇನೆ. ಹೊಸಬರು ಒಬ್ಬರೂ ಓದುವುದಿಲ್ಲ. ಸೇರಿದ ಮಾರನೇ ದಿನವೇ ಯಾವುದೋ ವಿಡಿಯೋ, ರಾಜಕೀಯ, ಹಳೇ ಪಂಪ್‌ಸೆಟ್ ಮಾರಾಟದ ಜಾಹೀರಾತು. ಎರಡು ಸಲ ಎಚ್ಚರಿಕೆ ಕೊಟ್ಟು ಮೂರನೇ ಸಲ ತೆಗೆದುಹಾಕುವ ನಿಯಮ ತರೋಣ ಅಂತಿದ್ದೇನೆ. ಸರಿಯಾ?
— ಒಬ್ಬ ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಬೇಜಾರು ನನಗೆ ಅರ್ಥವಾಗುತ್ತದೆ. ಆದರೆ ಆ ನಿಯಮ ಬೇಡ. ಯಾಕೆ ಅಂತ ನನ್ನ ಕೈಯಿಂದಲೇ ಆದ ಒಂದು ತಪ್ಪು ಹೇಳುತ್ತೇನೆ.

2019ರ ಮಳೆಗಾಲ. ಸುಳ್ಯದ ಆಚೆಯ ಒಬ್ಬ ಹಿರಿಯರು ಹೊಸದಾಗಿ ಸೇರಿದ್ದರು. ಎಪ್ಪತ್ತು ದಾಟಿದವರು. ಬಂದ ವಾರದಲ್ಲೇ ದೇವರ ವಿಡಿಯೋ, ಮನೆಮದ್ದಿನ ವಿಡಿಯೋ, ಮತ್ತೆ ಇನ್ನೊಂದು. ನಾನು ಗುಂಪಿನಲ್ಲೇ ಎರಡು ಸಲ 'ದಯವಿಟ್ಟು ಕೃಷಿಗೆ ಸಂಬಂಧಪಟ್ಟದ್ದು ಮಾತ್ರ ಹಾಕಿ' ಅಂತ ಬರೆದೆ. ಮೂರನೇ ವಿಡಿಯೋ ಬಂದ ಕೂಡಲೇ ತೆಗೆದೆ. ಕೆಲಸ ಮುಗಿಯಿತು ಅಂದುಕೊಂಡೆ.

ಹತ್ತು ದಿನ ಕಳೆದು ಅವರ ಮಗಳು ಫೋನ್ ಮಾಡಿದರು. 'ಅಕ್ಕ, ಅಪ್ಪನಿಗೆ ನಿಮ್ಮ ಗುಂಪಿನ ಮೆಸೇಜ್ ಬರ್ತಾ ಇಲ್ಲ. ಫೋನೇ ಹಾಳಾಗಿದೆ ಅಂತ ಮಳೆಯಲ್ಲಿ ಬಸ್ ಹತ್ತಿ ಪೇಟೆಗೆ ಹೋಗಿ ರಿಪೇರಿಗೆ ಕೊಟ್ಟಿದ್ದರು. ಅಂಗಡಿಯವರು ಏನೂ ಆಗಿಲ್ಲ ಅಂದರಂತೆ. ಆದರೂ ಅಪ್ಪ ನಂಬಲಿಲ್ಲ, ಮರುದಿನ ಇನ್ನೊಂದು ಅಂಗಡಿಗೆ ಹೋಗಿದ್ದಾರೆ.' ಅವರನ್ನು ತೆಗೆದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ನಾನು ಬರೆದ ಎರಡು ಎಚ್ಚರಿಕೆಯೂ ತಮಗೇ ಅಂತ ಅವರಿಗೆ ಅನಿಸಿರಲಿಲ್ಲ. ಅವತ್ತು ಗುಂಪಿನಲ್ಲಿ ನೂರು ಮೆಸೇಜ್ ಬಂದಿದ್ದವು. ಅದರ ನಡುವೆ ನನ್ನದೂ ಒಂದು, ಅಷ್ಟೇ.

ಆ ದಿನದಿಂದ ನಮ್ಮಲ್ಲಿ ಒಂದೇ ಪದ್ಧತಿ. ಫೋನ್ ಮಾಡಿ ಮಾತಾಡದೆ ಯಾರನ್ನೂ ತೆಗೆಯುವುದಿಲ್ಲ. ಎರಡು ನಿಮಿಷದ ಮಾತು. 'ನಮಸ್ಕಾರ, ನಾನು ಗುಂಪಿನವಳು. ನೀವು ಹಾಕಿದ ವಿಡಿಯೋ ನೋಡಿದೆ. ನಮ್ಮದು ತೋಟದ ವಿಷಯಕ್ಕೆ ಮಾತ್ರ ಇರುವ ಗುಂಪು. ಅದನ್ನು ಅಳಿಸಲಾ?' ಹತ್ತರಲ್ಲಿ ಒಂಬತ್ತು ಜನ 'ಅಯ್ಯೋ, ಗೊತ್ತಿರಲಿಲ್ಲ' ಅನ್ನುತ್ತಾರೆ. ಅದು ನಿಜ ಕೂಡ. ಗೊತ್ತಿದ್ದೂ ಮಾಡುವವರು ತೀರಾ ಕಡಿಮೆ.

ನೀವು ಮರೆತಿರುವ ಇನ್ನೊಂದು ವಿಷಯ ಇದೆ. ವಾಟ್ಸಾಪ್‌ನಲ್ಲಿ ಹೊಸದಾಗಿ ಸೇರಿದವರಿಗೆ ಅದಕ್ಕೆ ಮುಂಚಿನ ಮಾತುಕತೆ ತಾನಾಗಿ ಕಾಣುವುದಿಲ್ಲ. ನಿಮಗೆ ಐದು ವರ್ಷದ ಒಡನಾಟ. ಅವರಿಗೆ ಖಾಲಿ ಪರದೆ. ಮದುವೆಯಾಗಿ ಬಂದ ಸೊಸೆಗೆ ಮೊದಲ ದಿನವೇ ಕಾಫಿಪುಡಿ ಡಬ್ಬಿ ಎಲ್ಲಿದೆ, ಮಾವನಿಗೆ ಸಕ್ಕರೆ ಎಷ್ಟು ಅಂತ ಗೊತ್ತಿರುತ್ತದಾ? ಒಬ್ಬರು ಜೊತೆಯಲ್ಲಿ ನಿಂತು ತೋರಿಸಬೇಕು. ಅಡುಗೆಮನೆ ಗೋಡೆಗೆ 22 ನಿಯಮ ಅಂಟಿಸಿದರೆ ಆಗುವುದಿಲ್ಲ.

ಅದಕ್ಕೇ ನಿಮ್ಮ 22ನ್ನು 3ಕ್ಕೆ ಇಳಿಸಿ. ಯಾವ ಮೂರು ಅಂತ ನೀವೇ ಆರಿಸಿ. ಕಳೆದ ಒಂದು ವರ್ಷದಲ್ಲಿ ನಿಮ್ಮ ಗುಂಪಿನಲ್ಲಿ ಯಾವ್ಯಾವುದಕ್ಕೆ ಜಗಳ ಆಯಿತೋ ಅದನ್ನು ನೆನಪಿಸಿಕೊಂಡರೆ ಸಾಕು. ಉಳಿದ ಹತ್ತೊಂಬತ್ತನ್ನು ಜನ ನೋಡಿ ಕಲಿಯುತ್ತಾರೆ. ಹಾಗೆಯೇ ಒಬ್ಬರಿಗೆ ಹೇಳುವ ಮಾತನ್ನು ಗುಂಪಿಗೆಲ್ಲ ಹೇಳಬೇಡಿ. ಅವರ ಮೆಸೇಜನ್ನು ಒತ್ತಿ ಹಿಡಿದರೆ ಅವರಿಗೊಬ್ಬರಿಗೇ ಉತ್ತರಿಸುವ ದಾರಿ ಇದೆ. ನಾಲ್ಕು ಜನರೆದುರು ಬೈಸಿಕೊಂಡವರು ಒಂದೋ ಜಗಳಕ್ಕೆ ಬರುತ್ತಾರೆ, ಇಲ್ಲಾ ಬಾಯಿ ಮುಚ್ಚಿ ಕೂರುತ್ತಾರೆ. ಬೆಳೆಗಾರರ ಗುಂಪಿನಲ್ಲಿ ಬಾಯಿ ಮುಚ್ಚಿ ಕೂತವರಿಂದ ಆಗುವ ನಷ್ಟ ದೊಡ್ಡದು. ಅವರ ತೋಟಕ್ಕೆ ಬಂದ ರೋಗದ ಸುದ್ದಿ ನಮಗೆ ಬರುವುದೇ ಇಲ್ಲ.

ಆ ಸುಳ್ಯದ ಹಿರಿಯರನ್ನು ಮತ್ತೆ ಸೇರಿಸಿದೆ. ಯಾಕೆ ತೆಗೆದಿರಿ ಅಂತ ಅವರು ಒಂದು ಮಾತೂ ಕೇಳಲಿಲ್ಲ. ಅದು ನನಗೆ ಈಗಲೂ ಚುಚ್ಚುತ್ತದೆ.

ಪ್ರಶ್ನೆ: ಅಕ್ಕ, ನಾನು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಎಂಟು ತಿಂಗಳಾಯಿತು. ಅಪ್ಪನ ಒಂದೂವರೆ ಎಕರೆ ತೋಟ ಈಗ ನನ್ನದೇ ಜವಾಬ್ದಾರಿ. ಅಡಿಕೆ ಉದುರಲು ಶುರುವಾದಾಗ ಗುಂಪಿನಲ್ಲಿ ಒಂದು ಫೋಟೋ ಹಾಕಿ 'ಏನಿದು? ಅರ್ಜೆಂಟ್' ಅಂತ ಕೇಳಿದೆ. ಎರಡೇ ನಿಮಿಷದಲ್ಲಿ ಮೂವರು ಮೂರು ಮದ್ದು ಹೇಳಿದರು. ಒಬ್ಬರು 'ಇಷ್ಟೂ ಗೊತ್ತಿಲ್ವಾ? ಹಳೇ ಮೆಸೇಜ್ ಹುಡುಕಿ ನೋಡಿ' ಅಂದರು. ಆಮೇಲೆ ಏನನ್ನೂ ಕೇಳಿಲ್ಲ. ನಾನು ತಪ್ಪು ಮಾಡಿದೆನಾ?
— ಒಬ್ಬ ಓದುಗ, ಬೆಳ್ತಂಗಡಿ ತಾಲ್ಲೂಕು

ಉತ್ತರ: ಕೇಳಿದ್ದು ತಪ್ಪಲ್ಲ ತಮ್ಮಾ. ಮೊದಲು ಅದನ್ನು ತಲೆಯಿಂದ ತೆಗೆದುಹಾಕಿ. 'ಹಳೇ ಮೆಸೇಜ್ ಹುಡುಕಿ' ಅಂದವರದ್ದೇ ತಪ್ಪು. ನೀವು ಸೇರುವ ಮೊದಲಿನದ್ದು ನಿಮ್ಮ ಫೋನಿನಲ್ಲಿ ಇಲ್ಲದಿದ್ದರೆ ಎಲ್ಲಿಂದ ಹುಡುಕುತ್ತೀರಿ?

ಆದರೆ ಕೇಳಿದ ರೀತಿ ಸುಧಾರಿಸಬಹುದು. ಪತ್ರದ ಜೊತೆ ನೀವು ಆ ಫೋಟೋವನ್ನೂ ಕಳಿಸಿದ್ದೀರಿ. ನೋಡಿದೆ. ಎರಡು ಬೆರಳ ನಡುವೆ ಒಂದು ಅಡಿಕೆ. ಫೋಕಸ್ ಆಗಿರುವುದು ನಿಮ್ಮ ಬೆರಳು, ಅಡಿಕೆ ಮಬ್ಬು. ಇದನ್ನು ನೋಡಿ ಮೂವರು ಮೂರು ಮದ್ದು ಹೇಳಿದ್ದರಲ್ಲಿ ಆಶ್ಚರ್ಯ ಇಲ್ಲ. ಅಡಿಕೆ ಉದುರುವುದಕ್ಕೆ ಕಾರಣ ಒಂದಲ್ಲ. ಮಳೆಗಾಲದಲ್ಲಿ ತೊಟ್ಟಿನ ಹತ್ತಿರ ನೀರಲ್ಲಿ ನೆನೆದ ಹಾಗೆ ಕಪ್ಪು ಹಸಿರು ಮಚ್ಚೆ ಕಂಡು ಉದುರಿದರೆ ಕೊಳೆರೋಗ, ನಮ್ಮ ಕಡೆ ಮಹಾಳಿ ಅಂತಲೂ ಹೇಳುತ್ತಾರೆ. ಉದುರಿದ ಕಾಯಿಯ ಮೇಲೆ ಆಮೇಲೆ ಬಿಳಿ ಬೂಷ್ಟು ಬರುತ್ತದೆ. ತಿಗಣೆ ಚುಚ್ಚಿದ ನಳ್ಳಿ, ಅಂದರೆ ಎಳೆ ಕಾಯಿಯಾದರೆ ಸೂಜಿಮೊನೆಯಷ್ಟು ಗುರುತು ಇರುತ್ತದೆ. ಬೇಸಿಗೆಯಲ್ಲಿ ಹಿಂಗಾರ ಒಣಗಿ ನಳ್ಳಿ ಉದುರುವುದೇ ಬೇರೆ. ಒಂದಕ್ಕೆ ಹೇಳಿದ ಮದ್ದು ಇನ್ನೊಂದಕ್ಕೆ ಬಿಟ್ಟರೆ (ಸಿಂಪಡಿಸಿದರೆ) ದುಡ್ಡೂ ದಂಡ, ದಿನವೂ ದಂಡ.

ಹಾಗಾಗಿ ಮುಂದಿನ ಸಲ ಮೂರು ಫೋಟೋ ತೆಗೆಯಿರಿ. ಒಂದು ದೂರದಿಂದ, ಮರದ ತಲೆ ಮತ್ತು ಗೊನೆ ಎರಡೂ ಕಾಣುವ ಹಾಗೆ. ಇನ್ನೊಂದು ಉದುರಿದ ನಾಲ್ಕೈದು ಕಾಯಿಗಳನ್ನು ಸಾಲಾಗಿ ಇಟ್ಟು. ಮೂರನೆಯದು ಒಂದು ಕಾಯಿಯ ತೊಟ್ಟಿನ ಭಾಗ, ಹತ್ತಿರದಿಂದ. ಪರದೆಯ ಮೇಲೆ ಕಾಯಿ ಕಾಣುವ ಜಾಗಕ್ಕೆ ಬೆರಳಲ್ಲಿ ಒಮ್ಮೆ ಮುಟ್ಟಿ ಆಮೇಲೆ ಒತ್ತಿ, ಫೋಕಸ್ ಸರಿಯಾಗುತ್ತದೆ.

ಫೋಟೋದ ಕೆಳಗೆ ಹೀಗೆ ಬರೆಯಿರಿ: 'ಬೆಳ್ತಂಗಡಿ ತಾಲ್ಲೂಕು. ಊರ ತಳಿ, 18 ವರ್ಷದ ಮರ. ನಾಲ್ಕು ದಿನದಿಂದ ಉದುರುತ್ತಿದೆ. ತಗ್ಗಿನ ಕಡೆಯ ಮರಗಳಲ್ಲಿ ಮಾತ್ರ. ಮೊದಲ ಮದ್ದು ಜೂನ್ 2ಕ್ಕೆ ಬಿಟ್ಟಿದ್ದು, ಎರಡನೆಯದು ಬಿಟ್ಟಿಲ್ಲ, ಮಳೆ ಬಿಡುತ್ತಿಲ್ಲ.' ಐದಾರು ಚಿಕ್ಕ ಸಾಲು, ಅಷ್ಟೇ. ಅನುಭವಸ್ಥರಿಗೆ ಇಷ್ಟು ಸಾಕು. 'ತಗ್ಗಿನ ಕಡೆ ಮಾತ್ರ' ಅಂದ ಕೂಡಲೇ ಅವರ ತಲೆ ಬಸಿಗಾಲುವೆಯ ಕಡೆಗೂ ಹೋಗುತ್ತದೆ. ಎರಡನೇ ಮದ್ದು 40ರಿಂದ 45 ದಿನದೊಳಗೆ ಆಗಬೇಕಿತ್ತಲ್ಲ ಅಂತ ಲೆಕ್ಕ ಹಾಕುತ್ತಾರೆ. 'ಅರ್ಜೆಂಟ್' ಅನ್ನುವ ಪದ ಬೇಕಾಗುವುದೇ ಇಲ್ಲ. ದಿನಾಂಕವೇ ಅದನ್ನು ಹೇಳುತ್ತದೆ.

ಮದ್ದು ಅಂದರೆ ನಮ್ಮ ಕಡೆ ಬೋರ್ಡೋ ದ್ರಾವಣ, ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ. 100 ಲೀಟರ್ ನೀರಿಗೆ ಒಂದೊಂದು ಕಿಲೋ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹೊಳೆಯುವ ಕತ್ತಿಯ ಅಲಗು ಅದ್ದಿ ನೋಡಿ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಕಡಿಮೆ ಅಂತ ಅರ್ಥ. ಯಾಕೆ ಹೇಳಿದೆ ಅಂದರೆ, ಮದ್ದು ಬಿಟ್ಟೂ ರೋಗ ಬಂದಿದೆ ಅಂತ ಬರೆಯುವವರು ಇದನ್ನೂ ಬರೆಯಬೇಕು. ಮದ್ದು ಯಾರು ಮಾಡಿದ್ದು, ಸುಣ್ಣ ಹೊಸದಾ, ಅಲಗು ಅದ್ದಿ ನೋಡಿದ್ದಾ ಇಲ್ಲವಾ.

ಕೊನೆಗೆ, ತುಂಬ ಜನ ಬಿಟ್ಟುಬಿಡುವ ಕೆಲಸ ಒಂದಿದೆ. ಉತ್ತರ ಸಿಕ್ಕಿ ಹದಿನೈದು ದಿನ ಆದ ಮೇಲೆ ಮತ್ತೆ ಗುಂಪಿಗೆ ಬನ್ನಿ. 'ಇವರು ಹೇಳಿದ ಹಾಗೆ ಮಾಡಿದೆ, ಉದುರುವುದು ನಿಂತಿತು' ಅಂತಲೋ 'ನಿಲ್ಲಲಿಲ್ಲ' ಅಂತಲೋ ಬರೆಯಿರಿ. ನಿಮಗಾಗಿ ಅರ್ಧ ಗಂಟೆ ಕೂತು ಟೈಪ್ ಮಾಡಿದವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ನಿಮ್ಮ ಹಾಗೆ ಉದುರುವ ಕಾಯಿ ಕೈಯಲ್ಲಿ ಹಿಡಿದು ಕೇಳಲು ಹೆದರಿ ಕೂತವರು ಅದೇ ಗುಂಪಿನಲ್ಲಿ ಇನ್ನೂ ಇದ್ದಾರೆ. ಅವರಿಗೂ ಅದು ಉತ್ತರವೇ. ಮತ್ತೆ ಕೇಳಿ.

ಪ್ರಶ್ನೆ: ನಮ್ಮಪ್ಪ ದಿನಾ ಬೆಳಗ್ಗೆ ಬೆಳೆಗಾರರ ಗುಂಪಿಗೆ ಗುಡ್ ಮಾರ್ನಿಂಗ್ ಚಿತ್ರ ಹಾಕುತ್ತಾರೆ. ಜನ ಬೈಯುತ್ತಾರೆ. ಅಪ್ಪನಿಗೆ ಹೇಗೆ ಹೇಳಲಿ?
— ಒಬ್ಬ ಓದುಗಿ, ವಿಟ್ಲ

ಉತ್ತರ: ಅವರಿಗೊಂದು ಮಳೆಮಾಪಕ ತಂದುಕೊಡಿ. ನಿಜವಾಗಿ ಹೇಳುತ್ತಿದ್ದೇನೆ. ಅಂಗಳದಲ್ಲಿ, ಮಾಡಿನ ನೀರು ಬೀಳದ ಕಡೆ, ಬಯಲಲ್ಲಿ ನಿಲ್ಲಿಸಲಿ. ದಿನಾ ಬೆಳಗ್ಗೆ ಎಂಟೂವರೆಗೆ ನೋಡಿ 'ವಿಟ್ಲ, 64 ಮಿ.ಮೀ.' ಅಂತ ಹಾಕಲಿ. ನಮ್ಮ ಕಡೆ ಹೀಗೆ ಮಳೆ ಲೆಕ್ಕ ಬರೆದಿಡುವ ಹಿರಿಯರು ಎಷ್ಟೋ ಜನ. ಮದ್ದು ಬಿಡುವ ದಿನ ಗೊತ್ತುಮಾಡುವವರು ಆ ಅಂಕಿಗೆ ಕಾದು ಕೂತಿರುತ್ತಾರೆ. ದಿನವೂ ನಾಲ್ಕು ಜನಕ್ಕೆ ಮುಖ ತೋರಿಸಬೇಕು ಅನ್ನುವ ಆಸೆ ಅವರದು. ಅದಕ್ಕೆ ಬೈಯುವುದು ಯಾಕೆ?

ಪ್ರಶ್ನೆ: ನಮ್ಮ ಕಡೆ ದೊಡ್ಡವರನ್ನೂ ಅಣ್ಣ ಅಂತ ಕರೆದು ಏಕವಚನದಲ್ಲಿ ಮಾತಾಡಿಸುವುದು ರೂಢಿ. ಗುಂಪಿನಲ್ಲಿ ಒಬ್ಬ ಹಿರಿಯರಿಗೆ 'ಅಣ್ಣ, ನೀನು ಹೇಳಿದಂಗೆ ಮಾಡ್ದೆ, ಫೋಟೋ ನೋಡು' ಅಂತ ಬರೆದೆ. ಕರಾವಳಿಯ ಒಬ್ಬರು 'ಮೊದಲು ಮರ್ಯಾದೆ ಕಲಿಯಿರಿ' ಅಂದರು. ನಾನು ಮರ್ಯಾದೆ ಬಿಟ್ಟು ಮಾತಾಡಿಲ್ಲ. ತುಂಬಾ ಬೇಜಾರಾಯಿತು.
— ಒಬ್ಬ ಓದುಗರು, ಗುಬ್ಬಿ

ಉತ್ತರ: ನಿಮ್ಮ ಮಾತಿನಲ್ಲಿ ಮರ್ಯಾದೆ ಇತ್ತು. 'ಅಣ್ಣ' ಅನ್ನುವಲ್ಲೇ ಇತ್ತು. ಅದು ಅವರಿಗೆ ಕೇಳಿಸಲಿಲ್ಲ.

ಯಾಕೆ ಕೇಳಿಸಲಿಲ್ಲ ಅಂತಲೂ ಹೇಳುತ್ತೇನೆ. ಕರಾವಳಿಯಲ್ಲಿ ತುಂಬ ಮನೆಗಳ ಮಾತು ತುಳು, ಕೊಂಕಣಿ, ಬ್ಯಾರಿ, ಇಲ್ಲವೇ ಹವ್ಯಕ ಕನ್ನಡ. ಈಗ ನಾನು ಬರೆಯುತ್ತಿರುವಂಥ ಕನ್ನಡವನ್ನು ಅಲ್ಲಿನವರು ಕಲಿತದ್ದು ಶಾಲೆಯಲ್ಲಿ, ಪುಸ್ತಕದಿಂದ. ಪುಸ್ತಕದಲ್ಲಿ ದೊಡ್ಡವರಿಗೆ 'ನೀವು' ಅಂತಲೇ ಇರುತ್ತದೆ. ತುಳುವಿನಲ್ಲೂ ಸಮಾನರಿಗೆ 'ಈ', ದೊಡ್ಡವರಿಗೆ 'ಈರ್'. ಹಾಗಾಗಿ 'ನೀನು' ಅಂತ ಕಂಡ ಕೂಡಲೇ ಅವರಿಗೆ ಸಿಡಿಮಿಡಿ. ನಿಮ್ಮ ಕಡೆಯವರಿಗೆ 'ನೀವು' ಅಂದರೆ ದೂರ ಇಟ್ಟ ಹಾಗೆ. ಹುಬ್ಬಳ್ಳಿ ಕಡೆಯವರು 'ಹೇಳ್ರಿ, ನೋಡ್ರಿ' ಅಂದು ಎರಡನ್ನೂ ಒಟ್ಟಿಗೆ ಸಾಧಿಸುತ್ತಾರೆ. ಎದುರಾಎದುರು ಮಾತಾಡುವಾಗ ದನಿ, ಮುಖ, ನಗು ಎಲ್ಲ ಸೇರಿ ಸರಿಹೋಗುತ್ತದೆ. ಅಕ್ಷರದಲ್ಲಿ ಅದು ಯಾವುದೂ ಇಲ್ಲ.

ಎಲ್ಲ ಜಿಲ್ಲೆಯವರೂ ಇರುವ ಗುಂಪಿನಲ್ಲಿ ಮೊದಲ ಕೆಲವು ತಿಂಗಳು 'ನೀವು' ಇರಲಿ. ಪರಿಚಯ ಆದ ಮೇಲೆ ಅಣ್ಣನಿಗೆ 'ನೀನು' ಅನ್ನಿ, ಯಾರೂ ಏನೂ ಅನ್ನುವುದಿಲ್ಲ. ಇನ್ನು ನಮ್ಮ ಕರಾವಳಿಯವರಿಗೆ ನನ್ನದೊಂದು ಮಾತು. ಹೊಸಬರ ಏಕವಚನ ಕಂಡಾಗ ಮೊದಲು ಅವರ ಊರು ಯಾವುದು ಅಂತ ಕೇಳಿ. ಅದಕ್ಕೂ ಮೊದಲು ಸಿಟ್ಟಾಗುವುದು ಬೇಡ.

ಪ್ರಶ್ನೆ: ನನಗೆ 68 ವರ್ಷ. ಟೈಪ್ ಬರುವುದಿಲ್ಲ. ವಾಯ್ಸ್ ಕಳಿಸಿದರೆ ಯಾರೂ ಕೇಳುವುದಿಲ್ಲ. ಮೊಮ್ಮಗ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಡುತ್ತಾನೆ. ಅದಕ್ಕೂ ತಕರಾರು. ನಮ್ಮಂಥವರು ಏನು ಮಾಡಬೇಕು?
— ಒಬ್ಬ ಓದುಗರು, ಕಡಬ

ಉತ್ತರ: ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಿಮ್ಮ 'ಕೊಳೆ'ಯೂ 'ಕೊಲೆ'ಯೂ ಒಂದೇ ಆಗಿಬಿಡುತ್ತದೆ. 'ತೋಟ ಹಾಳು' ಅನ್ನುವುದು 'ತೋಟ ಹಾಲು' ಆಗುತ್ತದೆ. ಓದುವವರು ತಡವರಿಸುತ್ತಾರೆ. ತಕರಾರಿಗೆ ಅದೇ ಕಾರಣ, ನಿಮ್ಮ ಮೇಲೆ ಕೋಪ ಇಲ್ಲ.

ಮೊಮ್ಮಗನಿಗೆ ಹೇಳಿ ಫೋನಿನ ಕೀಬೋರ್ಡಿಗೆ ಕನ್ನಡ ಸೇರಿಸಿಕೊಳ್ಳಿ. ಗೂಗಲ್‌ನ ಜೀಬೋರ್ಡ್ ಕೀಬೋರ್ಡ್ ಇದ್ದರೆ ಅದರಲ್ಲೇ ಮೈಕಿನ ಗುರುತು ಇದೆ. ಅದನ್ನು ಒತ್ತಿ ನೀವು ಮಾತಾಡಿದರೆ ಅದೇ ಕನ್ನಡ ಅಕ್ಷರದಲ್ಲಿ ಬರೆಯುತ್ತದೆ. ಪುಸ್ತಕದ ಕನ್ನಡಕ್ಕೆ ಸ್ವಲ್ಪ ಹತ್ತಿರ, ನಿಧಾನ ಮಾತಾಡಿ. ಒಂದೆರಡು ಪದ ತಪ್ಪಾದರೂ ಪರವಾಗಿಲ್ಲ.

ವಾಯ್ಸ್ ಕಳಿಸಲೇಬೇಕು ಅಂದರೆ ಕಳಿಸಿ. ನಾನು ವಾಯ್ಸ್ ಬೇಡ ಅನ್ನುವವಳಲ್ಲ. ಬರೆಯಲು ಬಾರದ, ಆದರೆ ತೋಟ ಬಲ್ಲ ಎಷ್ಟೋ ಜನ ನಮ್ಮಲ್ಲಿದ್ದಾರೆ. ಆದರೆ ಮೊದಲ ಮಾತೇ ವಿಷಯ ಆಗಿರಲಿ. 'ಎಲ್ಲರಿಗೂ ನಮಸ್ಕಾರ, ಎಲ್ಲರೂ ಆರೋಗ್ಯವಾ, ನಿನ್ನೆ ನಮ್ಮಲ್ಲಿ ಪೂಜೆ ಇತ್ತು' ಅಂತ ಶುರುವಾಗಿ ಮೂರನೇ ನಿಮಿಷಕ್ಕೆ ಕಾಳುಮೆಣಸಿನ ಬಳ್ಳಿ ಬಂದರೆ ಅಲ್ಲಿಯ ತನಕ ಯಾರೂ ಕಾಯುವುದಿಲ್ಲ. 'ಕಾಳುಮೆಣಸಿನ ಬಳ್ಳಿ ಹಳದಿಯಾಗುತ್ತಿದೆ, ಕಡಬದಿಂದ' ಅಂತ ಶುರು ಮಾಡಿ. ಒಂದು ನಿಮಿಷದೊಳಗೆ ಮುಗಿಸಿ. ನಮ್ಮ ಗುಂಪಿನಲ್ಲಿ ವಾಯ್ಸ್ ಬಂದರೆ ಕೇಳಿದವರಲ್ಲಿ ಒಬ್ಬರು ಕೆಳಗೆ ಎರಡು ಸಾಲು ಬರೆದುಹಾಕುತ್ತಾರೆ. ಯಾರೂ ನೇಮಿಸಿದ್ದಲ್ಲ. ಮೊದಲೊಬ್ಬರು ಮಾಡಿದರು, ಅದನ್ನು ನೋಡಿ ಉಳಿದವರೂ ಮಾಡುತ್ತಾ ಬಂದರು.

ಪ್ರಶ್ನೆ: ಮೇಡಂ, ಒಣಗಲು ಹಾಕಿದ ಕಾಳುಮೆಣಸಿನ ಫೋಟೋ ಹಾಕಿ ಒಂದು ಸಂಶಯ ಕೇಳಿದ್ದೆ. ಅದೇ ರಾತ್ರಿ ಗುಂಪಿಗೆ ಹೊಸದಾಗಿ ಬಂದ ಎರಡು ನಂಬರಿನಿಂದ 'ಹಾಯ್', 'ಊಟ ಆಯ್ತಾ' ಅಂತ ಪ್ರತ್ಯೇಕ ಮೆಸೇಜ್. ಮನೆಯವರು ಗುಂಪನ್ನೇ ಬಿಡು ಅನ್ನುತ್ತಿದ್ದಾರೆ.
— ಒಬ್ಬ ಓದುಗಿ, ಸಾಗರ

ಉತ್ತರ: ಬಿಡಬೇಡಿ. ಬಿಡಬೇಕಾದವರು ಅವರು, ನೀವಲ್ಲ.

ಆ ಮೆಸೇಜಿಗೆ ಉತ್ತರ ಕೊಡಬೇಡಿ. ಸ್ಕ್ರೀನ್‌ಶಾಟ್ ತೆಗೆದು ಅಡ್ಮಿನ್‌ಗೆ ಕಳಿಸಿ. ಆಮೇಲೆ ಆ ನಂಬರನ್ನು ಬ್ಲಾಕ್ ಮಾಡಿ, ರಿಪೋರ್ಟ್ ಕೂಡ ಮಾಡಿ. ನಿಮ್ಮ ಫೋಟೋ ಯಾರಿಗೆ ಕಾಣಬೇಕು, ನಿಮ್ಮನ್ನು ಗುಂಪುಗಳಿಗೆ ಯಾರು ಸೇರಿಸಬಹುದು ಅನ್ನುವುದು ವಾಟ್ಸಾಪ್‌ನ ಪ್ರೈವೆಸಿ ಸೆಟ್ಟಿಂಗ್‌ನಲ್ಲಿದೆ. ಎರಡನ್ನೂ ನಿಮ್ಮ ಪರಿಚಯದವರಿಗೆ ಮಾತ್ರ ಅಂತ ಮಾಡಿಕೊಳ್ಳಿ.

ಇದನ್ನು ಓದುವ ಅಡ್ಮಿನ್‌ಗಳಿಗೆ: ಮೇಲೆ ಹೇಳಿದ ಫೋನ್ ಮಾಡುವ ಪದ್ಧತಿ ಇಲ್ಲಿಗೆ ಅನ್ವಯಿಸುವುದಿಲ್ಲ. ಸ್ಕ್ರೀನ್‌ಶಾಟ್ ಕಂಡ ಕೂಡಲೇ ತೆಗೆಯಿರಿ. ಸಂಶಯ ಕೇಳಿದ ಹೆಣ್ಣುಮಗಳ ಹೆಸರು ಎಲ್ಲೂ ಹೇಳಬೇಡಿ. ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಕಾಣುತ್ತದೆ ಅಂದ ಮಾತ್ರಕ್ಕೆ ಬಳಸಬಹುದು ಅಂತಲ್ಲ. ಹೊಸಬರು ಸೇರುವ ದಿನವೇ ಇದನ್ನು ಬಾಯಿಬಿಟ್ಟು ಹೇಳಿ. 780 ಜನರಲ್ಲಿ ಹೆಂಗಸರು 60ರ ಆಸುಪಾಸು ಮಾತ್ರ ನಮ್ಮಲ್ಲಿ. ಮೆಣಸು ಬಿಡಿಸಿ, ಒಣಗಿಸಿ, ಹಸನು ಮಾಡುವ ಕೆಲಸದಲ್ಲಿ ಜಾಸ್ತಿ ಕೈ ಅವರದ್ದೇ. ಅವರು ಮಾತಾಡದ ಗುಂಪಿನಿಂದ ಕಾಳುಮೆಣಸಿನವರಿಗೆ ಏನು ಪ್ರಯೋಜನ?

ಪ್ರಶ್ನೆ: ಹೊಸದಾಗಿ ಸೇರಿದವರೊಬ್ಬರು ಯಾವ ಕಾಲದ್ದೋ ಒಂದು ಗಾಬರಿಯ ಸುದ್ದಿ ಹಾಕಿದರು. ಕೇಳಿದರೆ 'ನನಗೆ ಬಂದದ್ದನ್ನು ಕಳಿಸಿದೆ, ಅಷ್ಟೇ' ಅನ್ನುತ್ತಾರೆ. ಇವರಿಗೆ ಏನು ಹೇಳುವುದು?
— ಒಬ್ಬ ಓದುಗರು, ಶಿರಸಿ

ಉತ್ತರ: ಇಲ್ಲಿ ಮಾತ್ರ ನಾನು ಮೆತ್ತಗೆ ಮಾತಾಡುವುದಿಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ವದಂತಿಯನ್ನು ನಂಬಿದ ಜನ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವ ಇಂಜಿನಿಯರನ್ನು ಹೊಡೆದು ಕೊಂದರು. ಆ ಮೆಸೇಜ್ ಕಳಿಸಿದವರೂ 'ಬಂದದ್ದನ್ನು ಕಳಿಸಿದೆ' ಅಂತಲೇ ಅಂದುಕೊಂಡಿದ್ದಿರಬೇಕು. ಅದೇ ತಿಂಗಳು ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಕಡೆಗಷ್ಟೇ ಕಳಿಸುವ ಮಿತಿ ಬರಲಿದೆ ಅಂತ ವಾಟ್ಸಾಪ್ ಹೇಳಿತು. 2020ರ ಏಪ್ರಿಲ್‌ನಲ್ಲಿ, ತುಂಬ ಸಲ ಕೈಬದಲಾದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸುವ ಹಾಗೆ ಮಾಡಿದರು. ಅಂಥದ್ದಕ್ಕೆ ಎರಡು ಬಾಣದ ಗುರುತು ಇರುತ್ತದೆ. ಹೊಸಬರಿಗೆ ನಾನು ಮೊದಲು ತೋರಿಸುವುದೇ ಆ ಎರಡು ಬಾಣ. ಅದು ಕಂಡರೆ ನಮ್ಮ ಗುಂಪಿಗೆ ಬೇಡ, ಎಷ್ಟೇ ಒಳ್ಳೆಯದಿರಲಿ.

ಹಾಕಿಬಿಟ್ಟಿದ್ದರೆ ಯಾರಿಗೂ ಕಾಣದ ಹಾಗೆ ಅಳಿಸಲು ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ ಸಮಯ ಇರುತ್ತದೆ. ಅಡ್ಮಿನ್ ಕೂಡ ಅಳಿಸಬಹುದು. ಆದರೆ ಸುಮ್ನೆ ಅಳಿಸಿದರೆ ಸಾಲದು, 'ಅದು ಹಳೆಯ ಸುದ್ದಿ, ನಂಬಬೇಡಿ' ಅಂತ ಒಂದು ಸಾಲು ಬರೆಯಬೇಕು. ಅಷ್ಟರಲ್ಲಿ ಓದಿದವರು ಓದಿಯಾಗಿರುತ್ತದೆ.

ಇನ್ನೊಂದು ಎಚ್ಚರ. ಮದುವೆ ಕರೆಯೋಲೆ, ಪಿಎಂ ಕಿಸಾನ್ ಅಂತೆಲ್ಲ ಹೆಸರಿಟ್ಟು ಬರುವ ಫೈಲಿನ ಹೆಸರಿನ ಕೊನೆಗೆ 'ಎಪಿಕೆ' ಅಂತಿದ್ದರೆ ಮುಟ್ಟಬೇಡಿ, ಮುಂದೆ ಕಳಿಸಬೇಡಿ. ಅದು ನಿಮ್ಮ ಫೋನಿಗೆ ಕನ್ನ ಹಾಕುವ ಆ್ಯಪ್. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಾವು ಒಂದೇ ವಾರದಲ್ಲಿ 90 ಜನ ಹೊಸಬರನ್ನು ಸೇರಿಸಿದೆವು. ಗುಂಪು ಸಂತೆ ಆಗಿಬಿಟ್ಟಿದೆ. ಇದು ಈಗಿನ ಕಾಲದ ಜನರ ಗುಣವಾ?
— ಒಬ್ಬ ಓದುಗರು, ಚನ್ನಗಿರಿ

ಉತ್ತರ: ಅಲ್ಲ. ಇದು ಹಳೆಯ ಕಥೆ. ವಾಟ್ಸಾಪ್‌ಗಿಂತ ಎಷ್ಟೋ ಮೊದಲು, 1980ರ ಹೊತ್ತಿಗೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಯೂಸ್‌ನೆಟ್ ಅನ್ನುವ ಚರ್ಚೆಯ ಜಾಲ ಶುರುವಾಯಿತು. ಪ್ರತಿ ಸೆಪ್ಟೆಂಬರ್‌ನಲ್ಲಿ ಕಾಲೇಜಿಗೆ ಹೊಸ ವಿದ್ಯಾರ್ಥಿಗಳು ಬರುತ್ತಿದ್ದರು, ಗಲಾಟೆ ಆಗುತ್ತಿತ್ತು. ಹಳಬರು ಹೇಳಿಕೊಟ್ಟು ಸ್ವಲ್ಪ ದಿನದಲ್ಲಿ ಸರಿಹೋಗುತ್ತಿತ್ತು. 1993ರ ನಂತರ ಇಂಟರ್ನೆಟ್ ಕಂಪನಿಗಳು ತಮ್ಮ ಗ್ರಾಹಕರಿಗೆಲ್ಲ ಆ ಬಾಗಿಲು ತೆರೆದವು. ಬರುವವರಿಗೆ ಕೊನೆಯೇ ಇಲ್ಲ. ಹಳಬರು ಎಷ್ಟು ಜನಕ್ಕೆ ಅಂತ ಹೇಳಿಕೊಡುವುದು? ಅದನ್ನು ಈಗಲೂ 'ಮುಗಿಯದ ಸೆಪ್ಟೆಂಬರ್' ಅಂತ ಕರೆಯುತ್ತಾರೆ. 1995ರಲ್ಲಿ ಇಂಟೆಲ್ ಕಂಪನಿಯ ಸ್ಯಾಲಿ ಹ್ಯಾಂಬ್ರಿಜ್ ಅನ್ನುವವರು ಇಂಟರ್ನೆಟ್ ನಡವಳಿಕೆಯ ಬಗ್ಗೆ ಒಂದು ಕೈಪಿಡಿ ಬರೆದರು. ಯಾವುದೇ ಗುಂಪಿಗೆ ಸೇರಿದ ಮೇಲೆ ಒಂದೆರಡು ತಿಂಗಳು ಸುಮ್ಮನೆ ಓದಿ, ಆಮೇಲೆ ಬರೆಯಿರಿ ಅಂತ ಅದರಲ್ಲಿದೆ.

ಅಡಿಕೆ ಉದುರುತ್ತಿರುವವರಿಗೆ ಎರಡು ತಿಂಗಳು ಸುಮ್ಮನಿರಿ ಅನ್ನಲು ಆಗುವುದಿಲ್ಲ. ಆದರೆ ಸಂಖ್ಯೆ ನಮ್ಮ ಕೈಯಲ್ಲಿದೆ. ನಾವು ಭಾನುವಾರ ಮಾತ್ರ ಸೇರಿಸುತ್ತೇವೆ, ವಾರಕ್ಕೆ 10 ಜನ. ಹಳಬರಲ್ಲಿ ಐದು ಜನ ಇಬ್ಬಿಬ್ಬರನ್ನು ನೋಡಿಕೊಳ್ಳುತ್ತಾರೆ. ನೀವು ಇನ್ನೂ ಒಂದು ತಿಂಗಳು ಯಾರನ್ನೂ ಸೇರಿಸಬೇಡಿ. ಆ 90 ಜನರನ್ನು ಹಳಬರ ನಡುವೆ ಹಂಚಿಕೊಂಡು ಒಂದೊಂದು ಫೋನ್ ಮಾಡಿ.

ಪ್ರಶ್ನೆ: ಹೊಸಬರಿಗೆ ನೀವು ಕಳಿಸುವ ಮೆಸೇಜ್ ಹೇಗಿರುತ್ತದೆ? ಇದ್ದ ಹಾಗೇ ಕೊಡುತ್ತೀರಾ?
— ಒಬ್ಬ ಓದುಗಿ, ಕಾಸರಗೋಡು

ಉತ್ತರ: ಖಂಡಿತ. ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಿ. ಇದನ್ನು ಗುಂಪಿಗೆ ಹಾಕುವುದಿಲ್ಲ, ಒಬ್ಬೊಬ್ಬರಿಗೇ ಕಳಿಸುತ್ತೇನೆ.

'ನಮಸ್ಕಾರ. ಗುಂಪಿಗೆ ಬಂದದ್ದು ಸಂತೋಷ. ಇಲ್ಲಿ ತೋಟದ ಯಾವ ಸಂಶಯವನ್ನೂ ಕೇಳಬಹುದು, ಚಿಕ್ಕದು ದೊಡ್ಡದು ಅಂತಿಲ್ಲ. ಕೇಳುವಾಗ ಊರು, ಮರದ ಪ್ರಾಯ, ಯಾವಾಗಿಂದ ಅಂತ ಬರೆಯಿರಿ, ಫೋಟೋ ಹಾಕಿ. ಎರಡು ಬಾಣದ ಮೆಸೇಜ್ ಬೇಡ. ಗುಂಪಿನಲ್ಲಿರುವ ಯಾರಿಗಾದರೂ ಪ್ರತ್ಯೇಕ ಮೆಸೇಜ್ ಮಾಡುವ ಮೊದಲು ಗುಂಪಿನಲ್ಲೇ ಅವರನ್ನು ಕೇಳಿ. ಏನಾದರೂ ತಪ್ಪಾದರೆ ನಾನೇ ಫೋನ್ ಮಾಡಿ ಹೇಳುತ್ತೇನೆ, ಹೆದರಬೇಡಿ. ಹಿಂದೆ ಜಾಸ್ತಿ ಬಂದ ಪ್ರಶ್ನೆಗಳನ್ನು 14 ಪುಟದ ಪಿಡಿಎಫ್ ಮಾಡಿದ್ದೇವೆ, ಜೊತೆಗಿದೆ. ನಿಮ್ಮ ತೋಟ ಎಲ್ಲಿ? ಏನೇನು ಬೆಳೆ ಇದೆ?'

ಕೊನೆಯ ಎರಡು ಪ್ರಶ್ನೆಗೆ ಉತ್ತರ ಬಂದರೆ ಮೇಲಿನದ್ದನ್ನೂ ಓದಿದ್ದಾರೆ ಅಂತ ಗೊತ್ತಾಗುತ್ತದೆ. ಎರಡು ದಿನ ಕಾಯುತ್ತೇನೆ. ಬಾರದಿದ್ದರೆ ಸಂಜೆ ಏಳರ ಮೇಲೆ, ಅವರು ತೋಟದಿಂದ ಬಂದು ಕೈಕಾಲು ತೊಳೆದ ಹೊತ್ತಿಗೆ, ಫೋನ್ ಮಾಡುತ್ತೇನೆ.